ಡಬ್ಬಿಯಕ್ಕ ಕಾಯುವ ಕಡತಗಳು

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ಇಸ್ತ್ರಿ ಅಂಗಡಿಯ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿಯೇ ಒಳಗೆ ಹೋಗಬೇಕಾದ ಒಂದು ಕೋಣೆ. ಅಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸುತ್ತಿದ್ದಾರೆ. ಡಬ್ಬಿಯೊಳಗೆ ಒಂಟಿ ಕಾಲುಚೀಲ, ಕಾಲುಚೀಲದೊಳಗೆ ಅಂಗೈಯಗಲದ ಹಾರ್ಡ್ ಡಿಸ್ಕ್. ಅದಕ್ಕೆ ತಂತಿ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಆಲಿಸುತ್ತಾರೆ. ಮಲಗಿದ ಕೂಸಿನ ಉಸಿರು ಸರಿಯಾಗಿದೆಯೇ ಎಂದು ತಾಯಿ ಬಗ್ಗಿ ಕೇಳುವುದೂ ಹೀಗೆಯೇ.

"ಗುರುಗುಟ್ಟಿದ್ರೆ ಆರೋಗ್ಯವಾಗಿದೆ ಅಂತ ಅರ್ಥ. ಟಿಕ್ ಟಿಕ್ ಅಂದ್ರೆ ಮಾತ್ರ ಅದರ ಕೊನೆಗಾಲ ಬಂತು ಅಂತ" ಎನ್ನುತ್ತಾರೆ. ಇದು ಗುರುಗುಟ್ಟುತ್ತಿದೆ. ಒಳಗೆ ಎಷ್ಟು ಕಡತಗಳಿವೆ ಎಂದು ಪರದೆಯಲ್ಲಿ ನೋಡಿ, ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದ ಸಂಖ್ಯೆಗೆ ತಾಳೆ ಹಾಕುತ್ತಾರೆ. ಸರಿಯಿದೆ. ಡಿಸ್ಕು ಕಾಲುಚೀಲಕ್ಕೆ, ಕಾಲುಚೀಲ ಡಬ್ಬಿಗೆ, ಡಬ್ಬಿ ಗೂಡಿಗೆ. ಮುಂದಿನದು ಕೈಗೆ ಬರುತ್ತದೆ.

ಗೂಡುಗಳಲ್ಲಿ ಒಟ್ಟು ಮುನ್ನೂರ ಹನ್ನೆರಡು ಡಬ್ಬಿಗಳಿವೆ. ದಿನಕ್ಕೆ ಎಂಟರಂತೆ ಮೂವತ್ತೊಂಬತ್ತು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ, ನಲವತ್ತನೆಯ ದಿನ ಮತ್ತೆ ಮೊದಲನೆಯ ಡಬ್ಬಿ. ಆಸುಪಾಸಿನ ಬೀದಿಗಳ ಜನ ಇವರನ್ನು ಡಬ್ಬಿಯಕ್ಕ ಎನ್ನುತ್ತಾರೆ. ಅವರೆಲ್ಲರ ಫೋಟೊ, ಪತ್ರ, ದಾಖಲೆ, ಅರ್ಧ ಬರೆದಿಟ್ಟ ಪುಸ್ತಕ, ಮಗುವಿನ ಮೊದಲ ಮಾತಿನ ಧ್ವನಿಮುದ್ರಣ, ಎಲ್ಲದರ ಇನ್ನೊಂದು ಪ್ರತಿ ಈ ಡಬ್ಬಿಗಳಲ್ಲಿದೆ.

ಮಾಮೂಲಿ ದಿನ ಆರೇಳು ಜನ ಬರುತ್ತಾರೆ. ಈ ವಾರ ಹಾಗಿಲ್ಲ. ಸೋಮವಾರ ನಲವತ್ತೊಂದು, ಮಂಗಳವಾರ ಐವತ್ತಾರು. ಕಾರಣ ಎಲ್ಲರ ಫೋನಿನಲ್ಲೂ ಓಡಾಡುತ್ತಿರುವ ಒಂದು ಸಂದೇಶ: ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ವೈರಸ್ ಎದ್ದೇಳುತ್ತದೆ, ಕಂಪ್ಯೂಟರಿನಲ್ಲಿರುವ ಪ್ರತಿಯೊಂದಕ್ಕೂ ಬೀಗ ಬೀಳುತ್ತದೆ, ಕೂಡಲೇ ಹತ್ತು ಜನರಿಗೆ ತಿಳಿಸಿ.

"ಹಳೇ ಸುದ್ದಿ, ತಾರೀಖು ಮಾತ್ರ ಹೊಸದು" ಎಂದು ಡಬ್ಬಿಯಕ್ಕ ನಗುತ್ತಾರೆ. ಆದರೆ ಬಂದವರನ್ನು ವಾಪಸು ಕಳಿಸುವುದಿಲ್ಲ. "ಶುಕ್ರವಾರ ಬರದೇ ಇರಬಹುದು. ಆದ್ರೆ ಅಂಥದ್ದು ಬರೋದೇ ಇಲ್ಲ ಅನ್ನೋಕಾಗುತ್ತಾ? ಬಂದಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

ಪಕ್ಕದ ಇಸ್ತ್ರಿಯವನಿಗೆ ಇದೊಂದು ತಮಾಷೆ. ಪೆಟ್ಟಿಗೆಗೆ ಕೆಂಡ ತುಂಬುತ್ತಾ ಅಲ್ಲಿಂದಲೇ ಕೂಗುತ್ತಾನೆ. "ಏನಕ್ಕಾ, ನಿಮ್ಮ ನೆಂಟ್ರು ಶುಕ್ರವಾರ ಹತ್ತಕ್ಕೆ ಬರ್ತಾರಂತೆ? ಟೀ ಹೇಳಿಡ್ಲಾ?"

"ಹೇಳಿಡಪ್ಪ. ಅವ್ರು ಬರದಿದ್ರೆ ನಾನೇ ಕುಡೀತೀನಿ."

ಎಲ್ಲರೂ ಇಷ್ಟು ಸಲಿಗೆಯಿಂದ ಮಾತಾಡುವುದಿಲ್ಲ. ವೈರಸ್ ಬಿಡುವವರೂ ಇವರೇ, ಔಷಧಿ ಕೊಡುವವರೂ ಇವರೇ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಅದು ಅವರ ಕಿವಿಗೂ ಬಿದ್ದಿದೆ. "ಅನ್ನಲಿ ಬಿಡಿ. ಬಿಟ್ಟು ಗೊತ್ತಿದ್ರೆ ಈ ಗೂಡಲ್ಲಿ ಕತ್ತು ಬಗ್ಗಿಸ್ಕೊಂಡು ಯಾಕೆ ಕೂತಿರ್ತಿದ್ದೆ?" ಎಂದು ನೋಯುವ ಕತ್ತನ್ನು ನೀವಿಕೊಳ್ಳುತ್ತಾರೆ.

ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿವೆ. ಒಂದರಲ್ಲಿ ನಕಲು ನಡೆಯುತ್ತದೆ. ಇನ್ನೊಂದಕ್ಕೆ ಅವರು ಇಟ್ಟಿರುವ ಹೆಸರು ಒಂಟಿ. ಅದಕ್ಕೆ ಇಂಟರ್ನೆಟ್ ಇಲ್ಲ, ಹೊರಗಿನ ಯಾವ ಸಂಬಂಧವೂ ಇಲ್ಲ. ನಕಲು ಮುಗಿದ ಮೇಲೆ ಅದರ ಒಡೆಯರೇ ಬಂದು ಒಂಟಿಯ ಮುಂದೆ ಕೂತು, ತಮಗೆ ತೋಚಿದ ಒಂದು ಕಡತವನ್ನು ತೆರೆಯಬೇಕು. ತೆರೆದರೆ ಕೆಲಸ ಮುಗಿಯಿತು. ತೆರೆಯುವ ತನಕ ಅದನ್ನು ನಕಲು ಎಂದು ಕರೆಯಲು ಡಬ್ಬಿಯಕ್ಕ ಒಪ್ಪುವುದಿಲ್ಲ. ಸರತಿಯಲ್ಲಿ ನಿಂತವರು ಗೊಣಗುತ್ತಾರೆ. ಅವರದು ಅದೇ ಹಟ.

ಬಂದವರಿಗೆಲ್ಲ ಹೇಳುವ ಮಾತು ಒಂದೇ. "ಮೂರು ಕಡೆ ಇರ್ಲಿ. ಒಂದು ನಿಮ್ಮ ಕಂಪ್ಯೂಟರಲ್ಲಿ, ಒಂದು ನಿಮ್ಮ ಕಪಾಟಲ್ಲಿ, ಇನ್ನೊಂದು ಬೇರೆ ಮನೇಲಿ. ಮಾತು ಬಿಟ್ಟಿರೋ ನೆಂಟರ ಮನೇಲಿ ಮಾತ್ರ ಇಡ್ಬೇಡಿ, ಬೇಕಾದಾಗ ಹೋಗಿ ಕೇಳೋಕೆ ಮುಖ ಇರಲ್ಲ." ನಕಲು ಮುಗಿದ ಮೇಲೆ ಡಿಸ್ಕಿನ ತಂತಿಯನ್ನು ಕಂಪ್ಯೂಟರಿನಿಂದ ಯಾಕೆ ಕಿತ್ತಿಡಬೇಕು ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿದೆ. "ಮಳೇಲಿ ನೆನೆದು ಬಂದಾಗ ಒಣಬಟ್ಟೆ ಎಲ್ಲಿರ್ಬೇಕು? ಬೀರುವಲ್ಲಿ. ಅದನ್ನೂ ಮೈಮೇಲೇ ಹಾಕ್ಕೊಂಡಿದ್ರೆ ಅದೂ ಒದ್ದೆ ತಾನೇ?"

ಹದಿನೇಳು ವರ್ಷಗಳ ಹಿಂದೆ ಅವರು ಒಂದು ಗ್ರಂಥಾಲಯದಲ್ಲಿ ಬೆರಳಚ್ಚು ಕೆಲಸದಲ್ಲಿದ್ದರು. ಎಂಟು ಜನ ಸೇರಿ ಆರು ತಿಂಗಳು ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿದ್ದರು. ದಿನವೂ ಸಂಜೆ ಅದರ ನಕಲು ತೆಗೆದು ಡ್ರಾಯರಿನಲ್ಲಿಡುವುದು ಇವರ ಪಾಲಿನ ಕೆಲಸ. ಒಂದು ಬೆಳಿಗ್ಗೆ ಪರದೆಯ ಮೇಲಿನ ಅಕ್ಷರಗಳೆಲ್ಲ ಕಲಸಿಹೋಗಿದ್ದವು. ವೈರಸ್. ಎಲ್ಲರೂ ಇವರತ್ತ ತಿರುಗಿದರು. ಇವರು ಧೈರ್ಯವಾಗಿಯೇ ಡ್ರಾಯರು ಎಳೆದರು. ಡಿಸ್ಕು ತೆರೆಯಲೇ ಇಲ್ಲ. ಮೊದಲ ವಾರದಲ್ಲೇ ಅದು ಕೆಟ್ಟಿತ್ತು.

"ಆರು ತಿಂಗಳು ನಾನು ಸತ್ತಿರೋದಕ್ಕೆ ಊಟ ಹಾಕಿದ್ದೆ. ಒಂದಿನಾನೂ ಬಾಯಿ ತೆರೆಸಿ ನೋಡಲಿಲ್ಲ" ಎನ್ನುವಾಗ ಅವರ ದನಿ ತಗ್ಗುತ್ತದೆ. "ಮೇಲಿನವರು ಬೈಯಲಿಲ್ಲ. ಪರವಾಗಿಲ್ಲಮ್ಮ, ಮತ್ತೆ ಶುರು ಮಾಡೋಣ ಅಂದ್ರು. ಬೈದಿದ್ರೆ ಮನಸ್ಸು ಹಗುರ ಆಗ್ತಿತ್ತು."

ಪಟ್ಟಿಯನ್ನು ಮತ್ತೆ ತುಂಬಿ ಮುಗಿಸಿದ ಮೇಲೆ ಕೆಲಸ ಬಿಟ್ಟು, ಈ ಮೆಟ್ಟಿಲ ಕೆಳಗೆ ಬಂದು ಕೂತರು. ಮನೆಯವರು ನೀರಿನ ಪಂಪು ನೋಡಿಕೊಳ್ಳುವವರು, ಅವರ ಪಾಳಿ ಮುಗಿಯುವ ಹೊತ್ತಿಗೆ ಇವರ ಬಾಗಿಲು ತೆರೆದಿರುತ್ತದೆ. ಡಬ್ಬಿಗಳಲ್ಲಿ ಅರ್ಧದಷ್ಟನ್ನು ಒದಗಿಸಿದ್ದು ಅತ್ತೆಯ ಬಿಸ್ಕತ್ತಿನ ಚಪಲ. ಕಾಲೇಜಿಗೆ ಹೋಗುವ ಮಗಳಿಗೆ ಬೇರೆ ದೂರಿದೆ. "ಅಮ್ಮ ನನ್ನ ಊಟದ ಡಬ್ಬೀನೂ ಎರಡು ಸಲ ತೆರೆದು ನೋಡಿ ಕಳಿಸ್ತಾಳೆ. ಅನ್ನ ಎಲ್ಲಿಗೆ ಓಡಿಹೋಗುತ್ತೆ ಹೇಳಿ!"

ಬುಧವಾರ ಬೆಳಿಗ್ಗೆ ಏಳರ ಹೊತ್ತಿಗೆ ಸರತಿಯಲ್ಲಿ ನಾಲ್ಕನೆಯವರಾಗಿ ನಿಂತಿರುವವರು ಹೊಲಿಗೆಯಮ್ಮ. ಬೆನ್ನು ಬಾಗಿದ, ಕೈ ಮೇಲೆತ್ತಲಾಗದ, ದಿನವಿಡೀ ಗಾಲಿಕುರ್ಚಿಯಲ್ಲಿ ಕೂರುವ ಮಕ್ಕಳಿಗೆ ಅವರವರ ಮೈಗೆ ಹೊಂದುವಂತೆ ಬಟ್ಟೆ ಹೊಲಿಯುವವರು. ಅಂಗಡಿಯ ಸಿದ್ಧ ಉಡುಪು ಈ ಮಕ್ಕಳಿಗೆ ಆಗುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ಅರವತ್ಮೂರು ಮಕ್ಕಳ ಅಳತೆ ತೆಗೆದು, ಒಬ್ಬೊಬ್ಬರದೂ ನಕ್ಷೆ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ. ಅವರ ಕೈಯಲ್ಲಿ ಒಂದು ಪೆನ್ ಡ್ರೈವ್, ಮುಖದಲ್ಲಿ ನೆಮ್ಮದಿ.

"ನನ್ನದು ಪೂರ್ತಿ ಇದರಲ್ಲಿದೆ ಅಕ್ಕ. ಪ್ರತಿ ಶನಿವಾರ ತಪ್ಪದೆ ತುಂಬ್ತೀನಿ. ಇದರದ್ದೇ ಇನ್ನೊಂದು ನಕಲು ಮಾಡಿ ಡಬ್ಬಿಗೆ ಹಾಕಿಬಿಡಿ."

"ಒಂದು ತೆಗೀರಿ ನೋಡೋಣ. ನಿಮ್ಮ ಕೈಯಲ್ಲೇ."

ಹೊಲಿಗೆಯಮ್ಮ ಒಂಟಿಯ ಮುಂದೆ ಕೂತು ಒಂದನ್ನು ಒತ್ತುತ್ತಾರೆ. ಕಡತ ಸಿಗಲಿಲ್ಲ ಎನ್ನುತ್ತದೆ ಪರದೆ. ಇನ್ನೊಂದನ್ನು ಒತ್ತಿದರೂ ಅದೇ. "ಮನೇಲಿ ತೆರೆಯುತ್ತಲ್ಲ! ನಿಮ್ಮ ಕಂಪ್ಯೂಟರ್ ಸರಿ ಇಲ್ಲ ಅಕ್ಕ."

ಡಬ್ಬಿಯಕ್ಕ ಬಗ್ಗಿ, ಪರದೆಯಲ್ಲಿ ಕಡತದ ಚಿಹ್ನೆಯ ಮೂಲೆಯಲ್ಲಿರುವ ಪುಟ್ಟ ಬಾಣದ ಗುರುತನ್ನು ತೋರಿಸುತ್ತಾರೆ. "ಮನೇಲಿ ತೆರೆಯುತ್ತೆ ಕಣಮ್ಮ. ಇದು ಕಡತ ಅಲ್ಲ, ಕಡತ ಎಲ್ಲಿದೆ ಅಂತ ತೋರಿಸೋ ಗುರುತು. ಮನೆ ವಿಳಾಸ ಬರೆದಿರೋ ಚೀಟಿ ಇದ್ದ ಹಾಗೆ. ನೀವು ಪ್ರತಿ ಶನಿವಾರ ಚೀಟಿ ಎತ್ತಿಟ್ಟಿದ್ದೀರಿ, ಮನೆ ಅಲ್ಲೇ ಇದೆ. ಹೆದರ್ಬೇಡಿ, ಹೋಗಿ ಕಂಪ್ಯೂಟರನ್ನೇ ಎತ್ಕೊಂಡು ಬನ್ನಿ."

ಹೊಲಿಗೆಯಮ್ಮ ಕುರ್ಚಿಯಿಂದ ಎದ್ದುಬಿಡುತ್ತಾರೆ. "ಅಕ್ಕ, ನಮ್ಮನೆಯವರು ಈಗ ಅದನ್ನ ಒರೆಸ್ತಾ ಕೂತಿದ್ದಾರೆ. ವೈರಸ್ ಬರೋಕೆ ಮುಂಚೆ ಎಲ್ಲಾ ತೊಳೆದು ಹೊಸದಾಗಿ ತುಂಬಿಬಿಡ್ತೀನಿ ಅಂದ್ರು. ಪೆನ್ ಡ್ರೈವಲ್ಲಿ ಎಲ್ಲಾ ಇದೆ, ಒರೆಸಿ ಅಂತ ನಾನೇ ಹೇಳಿ ಬಂದೆ."

ಅಲ್ಲೇ ನಿಂತು ಮನೆಗೆ ಫೋನು ಮಾಡುತ್ತಾರೆ. ಆ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಉಲ್ಲಾಸದಲ್ಲಿದೆ. "ಏನೇ, ಚಿಂತೆ ಬಿಡು! ಒರೆಸಿ ಆಯ್ತು. ಹೊಸ ಸಾಫ್ಟ್‌ವೇರ್ ಕಾಲು ಭಾಗ ತುಂಬಿದೆ. ಫಳಫಳ ಅಂತಿದೆ ನೋಡು!"

ಡಬ್ಬಿಯಕ್ಕ ಫೋನಿನ ಹತ್ತಿರ ಬಾಯಿ ತರುತ್ತಾರೆ. "ಗೋಡೆ ಸ್ವಿಚ್ ಆರಿಸಿ. ಈಗ್ಲೇ."

"ಯಾರಿದು? ಮಧ್ಯದಲ್ಲಿ ಆರಿಸಿದ್ರೆ ಕೆಟ್ಟುಹೋಗಲ್ವಾ?"

"ಕೆಡ್ಲಿ! ಆರಿಸ್ರೀ!"

ಅವರು ದನಿ ಎತ್ತಿದ್ದನ್ನು ಬೀದಿಯವರು ಕೇಳಿದ್ದು ಇದೇ ಮೊದಲು. ಇಸ್ತ್ರಿಯವನು ಕೂಡ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಇತ್ತ ನೋಡುತ್ತಾನೆ.

ಅರ್ಧ ಗಂಟೆಯಲ್ಲಿ ಹೊಲಿಗೆಯಮ್ಮನ ಗಂಡ ಕಂಪ್ಯೂಟರನ್ನು ಹೊದಿಕೆಯಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ತಂದಂತೆ ಎದೆಗವುಚಿಕೊಂಡು ಬರುತ್ತಾರೆ. ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಡಬ್ಬಿಯಕ್ಕ ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆಯುತ್ತಾ ಇಬ್ಬರಿಗೂ ಬಿಡಿಸಿ ಹೇಳುತ್ತಾರೆ. "ಒರೆಸೋದು ಅಂದ್ರೆ ಬಾಗಿಲ ಮೇಲಿನ ಹೆಸರಿನ ಹಲಗೆ ತೆಗೆದ ಹಾಗೆ. ಒಳಗಿರೋರು ಇನ್ನೂ ಒಳಗೇ ಇರ್ತಾರೆ. ಹೊಸಬರು ಬಂದು ಯಾವ ಕೋಣೆಗೆ ಸೇರ್ಕೊಂಡ್ರೋ ಆ ಕೋಣೆಯವರು ಮಾತ್ರ ಹೋದ ಹಾಗೇ. ಎಷ್ಟು ಜನ ಉಳಿದಿದ್ದಾರೆ ನೋಡೋಣ."

ಹುಡುಕಾಟ ಒಂಬತ್ತಕ್ಕೆ ಶುರುವಾಗುತ್ತದೆ. ಕಾಯುವಾಗ ಹೊಲಿಗೆಯಮ್ಮ ಒಂದೇ ಮಗುವಿನ ಮಾತಾಡುತ್ತಾರೆ. ಹನ್ನೊಂದು ವರ್ಷದ ಹುಡುಗಿ. ಬೆನ್ನು ಎಷ್ಟು ತಿರುಚಿಕೊಂಡಿದೆಯೆಂದರೆ ಟೇಪು ತಾಗಿದರೂ ನೋವು. ಈಚೆಗೆ ಅವಳ ಅಳತೆ ತೆಗೆಯಲು ಮೂರು ದಿನ ಹಿಡಿಯಿತು, ಮೂರು ದಿನವೂ ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಬರುವ ತಿಂಗಳು ಅವಳಕ್ಕನ ಮದುವೆ. ಹಳದಿ ಫ್ರಾಕೇ ಬೇಕೆಂದು ಬಟ್ಟೆಯನ್ನೂ ಅವಳೇ ಆರಿಸಿದ್ದಾಳೆ. "ಬೇರೆ ಮಕ್ಕಳನ್ನ ಮತ್ತೆ ಅಳೀಬಹುದು ಅಕ್ಕ. ಅವಳನ್ನ ಮತ್ತೆ ಅಳೆಯೋಕೆ ನನ್ನ ಕೈ ಏಳಲ್ಲ. ಅವಳದ್ದೊಂದು ಸಿಗ್ಲಿ."

ಮಧ್ಯಾಹ್ನ ಎರಡರ ಹೊತ್ತಿಗೆ ಎಪ್ಪತ್ತೊಂದು ಕಡತಗಳು ಮೇಲೆ ಬಂದಿವೆ. ಒಂದಕ್ಕೂ ಹೆಸರಿಲ್ಲ, ಬರೀ ಅಂಕಿಗಳು. ಯಾವ ನಕ್ಷೆ ಯಾವ ಮಗುವಿನದೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಡಬ್ಬಿಯಕ್ಕ ಪರದೆಯನ್ನು ಹೊಲಿಗೆಯಮ್ಮನ ಕಡೆಗೆ ತಿರುಗಿಸಿ, ತಾವು ಗೋಡೆ ನೋಡುತ್ತಾ ಕೂರುತ್ತಾರೆ. ಬೇರೆಯವರ ಕಡತದ ಒಳಗನ್ನು ಅವರು ನೋಡುವುದಿಲ್ಲ. "ಹೆಸರು ಹೇಳ್ತಾ ಹೋಗಿ, ನಾನು ಒತ್ತುತ್ತಾ ಹೋಗ್ತೀನಿ."

ಆಮೇಲೆ ನಡೆಯುವುದು ನೋಡುವಂಥದ್ದು. ಹೊಲಿಗೆಯಮ್ಮ ಗೆರೆಗಳನ್ನು ನೋಡಿಯೇ ಮಕ್ಕಳನ್ನು ಗುರುತು ಹಿಡಿಯುತ್ತಾರೆ. ಎಡಭುಜ ಎರಡಿಂಚು ಇಳಿದಿದೆ, ಇದು ನಗುಮುಖದವನು. ತೋಳು ಪೂರಾ ಬಿಚ್ಚಿಕೊಳ್ಳುತ್ತೆ, ಗುಂಡಿ ಬೆನ್ನಿಗಿದೆ, ಇದು ಅವಳಿಗಳಲ್ಲಿ ದೊಡ್ಡವಳು. ಇದು ಚಿಕ್ಕವಳು, ಅಕ್ಕನಂತೆಯೇ ಬೇಕೆಂದು ಹಟ ಮಾಡಿ ಹೊಲಿಸಿಕೊಂಡವಳು. ಒಂದು ನಕ್ಷೆ ಬಂದಾಗ ಮಾತ್ರ ತಡವರಿಸುತ್ತಾರೆ.

"ಇದ್ಯಾರದಪ್ಪ? ಎರಡು ಭುಜಾನೂ ಸಮ ಇದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ." ಮರುಗಳಿಗೆಗೆ ಕಣ್ಣು ಅಗಲವಾಗುತ್ತದೆ. "ಅಯ್ಯೋ, ನಮ್ಮನೆಯವರ ಅಂಗಿ! ಇದೊಂದು ಅಳಿಸಿಹೋಗಿದ್ರೆ ಆಗ್ತಿತ್ತು."

ಸ್ಟೂಲಿನ ಮೇಲಿದ್ದ ಗಂಡ ತಲೆ ಎತ್ತುತ್ತಾರೆ. "ಅದೂ ಇರ್ಲಿ ಬಿಡೇ."

"ಏನಂತ ಹೆಸರು ಕೊಡ್ಲಿ?" ಎಂದು ಡಬ್ಬಿಯಕ್ಕ ಗಂಭೀರವಾಗಿಯೇ ಕೇಳುತ್ತಾರೆ.

"ಅವಸರ ಅಂತ ಕೊಡಿ ಅಕ್ಕ."

ಮೂವರೂ ನಗುತ್ತಾರೆ. ಆದರೆ ಆ ಹುಡುಗಿಯ ನಕ್ಷೆ ಇನ್ನೂ ಬಂದಿಲ್ಲ. ಅರವತ್ತಾಯಿತು, ಅರವತ್ತೈದಾಯಿತು. ಅರವತ್ತೆಂಟನೆಯದು ತೆರೆದಾಗ ಹೊಲಿಗೆಯಮ್ಮ ಪರದೆಯ ಮೇಲೆ ಬೆರಳಿಡುತ್ತಾರೆ. "ಇದು ಅವಳೇ." ಸ್ವಲ್ಪ ಹೊತ್ತು ನೋಡಿ, "ಆದ್ರೆ ಇದು ಹೋದ ವರ್ಷದ್ದು" ಎನ್ನುತ್ತಾರೆ. ಉಳಿದ ಮೂರರಲ್ಲಿ ಅವಳಿಲ್ಲ. ಹೊಸ ಅಳತೆ ಅಳಿಸಿಹೋಗಿದೆ.

ಡಬ್ಬಿಯಕ್ಕ ಗೋಡೆಯಿಂದ ಕಣ್ಣು ತೆಗೆಯುವುದಿಲ್ಲ. ಹೊಲಿಗೆಯಮ್ಮ ಮಾತ್ರ ಬೆರಳನ್ನು ಆ ಗೆರೆಯ ಮೇಲೆಯೇ ಆಡಿಸುತ್ತಿದ್ದಾರೆ, ಬಲಭುಜದಿಂದ ಸೊಂಟಕ್ಕೆ, ಮತ್ತೆ ಮೇಲಕ್ಕೆ. "ಬಲಗಡೆ ಎರಡು ಬೆರಳಗಲ ಬೆಳೆದಿದ್ದಾಳೆ. ಎಡಗಡೆ ಇದ್ದಷ್ಟೇ ಇದೆ. ಸೊಂಟ ಒಂದು ನೂಲಿನಷ್ಟು ಸರಿದಿದೆ. ಕೈಗೆ ಗೊತ್ತಿದೆ ಅಕ್ಕ, ಮೂರು ದಿನ ಅಳೆದಿದ್ದೀನಲ್ಲ. ಈ ಹಳೇದು ಇಲ್ದಿದ್ರೆ ಎಲ್ಲಿಂದ ಎರಡು ಬೆರಳು ಅಂತ ತಿಳೀತಿರಲಿಲ್ಲ. ಇದರ ಮೇಲೇ ಕತ್ತರಿಸ್ತೀನಿ. ಅವಳನ್ನ ಮುಟ್ಟೋದು ಬೇಡ."

ಲೆಕ್ಕ ಹಾಕಿದಾಗ ಅರವತ್ಮೂರರಲ್ಲಿ ಐವತ್ತೊಂಬತ್ತು ಮಕ್ಕಳ ಹೊಸ ಅಳತೆ, ಒಬ್ಬಳ ಹಳೆಯ ಅಳತೆ ಸಿಕ್ಕಿದೆ. ಮೂವರದು ಹೋಗಿದೆ. "ಆ ಮೂವರನ್ನ ಕರೆಸ್ತೀನಿ. ಟೇಪು ಕಂಡ್ರೆ ಕಚಗುಳಿ ಅಂತ ನಗೋ ಮಕ್ಕಳು" ಎಂದು ಹೊಲಿಗೆಯಮ್ಮ ಏಳುತ್ತಾರೆ. ಗಂಡ ಕಂಪ್ಯೂಟರನ್ನು ಮತ್ತೆ ಹೊದಿಕೆಯಲ್ಲಿ ಸುತ್ತುತ್ತಾರೆ, ಈ ಸಲ ಎರಡು ಸುತ್ತು ಹೆಚ್ಚಾಗಿ.

ಶುಕ್ರವಾರ ಹತ್ತು ಗಂಟೆ ಬರುತ್ತದೆ, ಹೋಗುತ್ತದೆ. ಯಾರ ಕಡತಕ್ಕೂ ಬೀಗ ಬಿದ್ದ ಸುದ್ದಿ ಈ ಬೀದಿಗಳಲ್ಲಿಲ್ಲ. ಸಂಜೆಗೆ ಸರತಿ ಕರಗಿ, ಮೆಟ್ಟಿಲ ಕೆಳಗಿನ ಕೋಣೆ ಖಾಲಿಯಾಗುತ್ತದೆ. ಅಷ್ಟೆಲ್ಲ ಗಲಾಟೆ ಸುಮ್ಮನೆ ಆಯಿತಲ್ಲ ಎಂದರೆ ಡಬ್ಬಿಯಕ್ಕ ತಲೆಯಾಡಿಸುತ್ತಾರೆ. "ವೈರಸ್ ಮಾಡದ ಕೆಲಸಾನ ಅದರ ಹೆದರಿಕೆ ಮಾಡೋದರಲ್ಲಿತ್ತು ನೋಡಿ. ಹೆದರಿಕೆ ಇಲ್ಲದ ದಿನ ಬರ್ಬೇಕು ಜನ. ಯಾವುದೋ ಒಂದು ಮಂಗಳವಾರ, ಕೈ ಖಾಲಿ ಇದೆ ಅಂತ."

ಮೇಜು ಒರೆಸತೊಡಗುತ್ತಾರೆ. ಬೇರೇನಾದರೂ ಆಸೆಯಿದೆಯೇ ಎಂದು ಕೇಳಿದ್ದಕ್ಕೆ ಸಂಕೋಚದಿಂದ ನಗುತ್ತಾರೆ.

"ಇಷ್ಟು ವರ್ಷದಲ್ಲಿ ಯಾರ ಕಡತ ಏನಾಯ್ತು ಅಂತ ಕೇಳಿದವಳಲ್ಲ, ಕೇಳಬಾರದು. ಆದ್ರೆ ಮದುವೆ ಮುಗಿದ ಮೇಲೆ ಆ ಹಳದಿ ಫ್ರಾಕಿನದು ಒಂದು ಫೋಟೊ ತೋರಿಸ್ತೀರಾ ಅಂತ ಆಯಮ್ಮನ್ನ ಕೇಳಿದ್ದೀನಿ. ಬಲಗಡೆ ಎರಡು ಬೆರಳು ಸರಿಹೋಯ್ತಾ ಅಂತ ನೋಡ್ಬೇಕು, ಅಷ್ಟೇ."