ಖಾಸೀಮಸಾಬರ ಅರ್ಜಿ

ಖಾಸೀಮಸಾಬ ಕಾಕಾ ಗಿರಣಿಯಿಂದ ಬಂದಾಗ ಅವರ ತುಟಿಗೆ ಆ ದಿನದ ನೂಲಿನ ಬಣ್ಣ ಹತ್ತಿರುತ್ತಿತ್ತು. ಮಗ್ಗದ ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ಲಾಳಿಯ ತೂತಿಗೆ ಬಾಯಿ ಹಚ್ಚಿ, ಉಸಿರೆಳೆದು ನೂಲು ಹೊರತರಬೇಕು. ದಿನಕ್ಕೆ ನೂರಾರು ಸಲ. ನೂಲಿನೊಡನೆ ಅರಳೆಯ ಧೂಳೂ ಒಳಗೆ ಹೋಗುತ್ತಿತ್ತು.

"ಇವರಿಗೆ ಎಲಿ-ಅಡಕಿ ಖರ್ಚಿಲ್ಲ ನೋಡ್ರಿ, ಗಿರಣ್ಯಾವ್ರs ಬಾಯಿ ಕೆಂಪ ಮಾಡಿ ಕಳಸ್ತಾರ," ಎಂದು ಅವರ ಹೆಂಡತಿ ಹಸೀನಾ ಕಾಕಿ ನಗುತ್ತಿದ್ದರು.

"ಯುದ್ಧ ಬಂತಲ್ಲ, ನಾಳಿಂದ ಖಾಕಿ ನೂಲು. ನನ್ನ ಬಾಯಷ್ಟs ಪೋಲೀಸ ಆಗ್ತೇತಿ," ಎನ್ನುವರು ಕಾಕಾ.

ಈ ಮಾತು ನಾನೇ ಕೇಳಿದ್ದೋ, ಅವ್ವ ಹೇಳಿದ್ದೋ, ಈಗ ಖಚಿತವಿಲ್ಲ. ಅವರ ಕೆಮ್ಮನ್ನಂತೂ ನಾನೇ ಕೇಳಿದ್ದೇನೆ. ಹುಬ್ಬಳ್ಳಿಯ ಆ ಗಿರಣಿ ಚಾಳಿನಲ್ಲಿ ನಮ್ಮ ಖೋಲಿಗೂ ಅವರ ಖೋಲಿಗೂ ನಡುವೆ ಬರೀ ತಗಡಿನ ಗೋಡೆ.

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ರವಿವಾರ ಕಾಕಾ ನಮ್ಮ ಖೋಲಿಗೆ ಬಂದು ಕುಳಿತರು.

"ತಮ್ಮಾ, ಇಂಗ್ಲೀಷಿನ್ಯಾಗ ಒಂದು ಅರ್ಜಿ ಬರದ ಕೊಡಪಾ. ಅರಿವಿ ಮಡಚೋ ಕೆಲಸಕ್ಕ ಹಾಕ್ರಿ ಅಂತ. ಅಲ್ಲಿ ಬಾಯಿ ಹಚ್ಚೂದಿಲ್ಲ, ಬರೇ ಕೈ ಕೆಲಸ. ಕಣ್ಣು ಮಂಜಾಗ್ಯಾವು ಅಂತ ಬರಿ, ಸಾಕು."

"ಕಣ್ಣು ಛಲೋ ಅದಾವಲ್ಲ ಕಾಕಾ?"

"ಅದಾವು. ನೀ ಬರಿ."

ಕೆಮ್ಮಿನ ಹೆಸರು ತೆಗೆಯಬೇಡ ಎಂದೂ ಹೇಳಿದ್ದರೇ? ಹೇಳಲಿಲ್ಲವೆಂದು ನಂಬುವುದು ನನಗೆ ಅನುಕೂಲ. ಸುಳ್ಳು ಬರೆಯುವುದು ಓದಿದವನಿಗೆ ಸಲ್ಲದೆಂದುಕೊಂಡೆ. ಲಾಳಿಯಿಂದಲೇ ಕೆಮ್ಮು ಹತ್ತಿತು, ಕಫದಲ್ಲಿ ರಕ್ತ ಕಾಣಿಸಿದೆ ಎಂದು ಕರುಣೆ ಹುಟ್ಟುವಂತೆ ಬರೆದೆ. "ಏನ ಬರದಿ, ಓದಿ ಹೇಳು," ಅಂದಾಗ ಕಣ್ಣಿನ ಮಾತಷ್ಟೇ ಹೇಳಿದೆ. ಇದು ಮಾತ್ರ ಖಚಿತ.

ಅರ್ಜಿ ಕೊಟ್ಟ ನಾಲ್ಕನೆಯ ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು. ಕ್ಷಯದವರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಕೆಲಸದೊಂದಿಗೆ ಖೋಲಿಯೂ ಹೋಯಿತು. ಗಬ್ಬೂರಿನಲ್ಲಿದ್ದ ತಮ್ಮನ ಮನೆ ಸೇರಿದರು.

ಅಲ್ಲಿಗೊಮ್ಮೆ ಹೋಗಿದ್ದೆ. ಚಾಪೆಯ ಮೇಲೆ ಎದ್ದು ಕೂರಲು ಹೆಣಗಿದರು.

"ಕೆಮ್ಮಿನ ಸುದ್ದಿ ಸಾಹೇಬಗ ಮುಟ್ಟಿಸಿದಾವ ನಮ್ಮ ಮುಕಾದಮ ರಾಮಣ್ಣನs, ತಮ್ಮಾ. ಇಪ್ಪತ್ತ ವರ್ಷ ಒಂದs ಬುತ್ತ್ಯಾಗ ಉಂಡಾವ! ಅವನ ಮಾರಿ ನೋಡೂದಿಲ್ಲ ಅಂತ ಆಣಿ ಮಾಡೇನಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಿ ಚಹಾ ತಂದರು. ಕುಡಿದು ಎದ್ದೆ.

ಮಳೆಗಾಲ ಮುಗಿಯುವ ಮೊದಲೇ ಕಾಕಾ ತೀರಿಕೊಂಡರು. ಮಣ್ಣಿಗೆಂದು ನಡೆದುಬಂದಿದ್ದ ರಾಮಣ್ಣನನ್ನು ಹಸೀನಾ ಕಾಕಿ ಹೊಸ್ತಿಲು ತುಳಿಯಗೊಡಲಿಲ್ಲ. ನನ್ನನ್ನು ಕೈಹಿಡಿದು ಒಳಗೆ ಕರೆದು, ಮನೆಯವರ ಸಾಲಿನಲ್ಲಿ ಕೂರಿಸಿದರು.