ರಾಯಕೋಟೆ ಬೆಟ್ಟದಲ್ಲಿ ಸೈರನ್

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆಂದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಯುಗಾದಿಯ ಮರುದಿನ, ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಒಟ್ಟಿಗೆ ದುಡಿಯುವ ನಾವು ಆರು ಮಂದಿ ಸುಮ್ಮನೆ ಕೂರಲೆಂದೇ ರಾಯಕೋಟೆ ಬೆಟ್ಟ ಹತ್ತಿದೆವು. ಹೊಂಗೆ ಚಿಗುರಿತ್ತು. ಬಂಡೆಯ ಮೇಲೆ ಡಬ್ಬಿ ಬಿಚ್ಚಿ ಮಟನ್ ಸಾರಿಗೆ ಮುದ್ದೆ ಮುರಿದಿದ್ದೆವಷ್ಟೆ, ಕೆಳಗಿನ ಕಲ್ಲುಕ್ವಾರಿಯಲ್ಲಿ ಸಿಡಿಮದ್ದಿಗೆ ಮುಂಚಿನ ಸೈರನ್ ಕೂಗಿತು. ಫ್ಯಾಕ್ಟರಿಯಲ್ಲಿ ಊಟದ ಹೊತ್ತು ಮುಗಿದಾಗ ಕೂಗುವುದೂ ಹೀಗೆಯೇ. ಎಲ್ಲರೂ ಡಬ್ಬಿ ಮುಚ್ಚಿ ಎದ್ದು ನಿಂತರು.

ನನಗೆ ಮೈಯೆಲ್ಲ ಉರಿದುಹೋಯಿತು.

“ಥೂ, ಕೂತ್ಕೊಳ್ರಲಾ! ರಜಾ ದಿನಾನೂ ಆ ಹಾಳಾದ್ ಸೈರನ್‌ಗೆ ಎದ್ ನಿಂತ್ಕೊಂತೀರಲ್ಲ, ಮಾನ ಇಲ್ವೇನ್ರಲಾ?”

ಪ್ಯಾಕಿಂಗಿನ ನಂಜಪ್ಪ ನನ್ನನ್ನೇ ದಿಟ್ಟಿಸಿದ. “ನೀನ್ ಮೊದ್ಲು ಕೂತ್ಕೊಳ್ಲಾ.”

ನಾನು ಎಂಜಲು ಕೈಯಲ್ಲೇ ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಿಂತಿದ್ದೆ.