ಹನ್ನೆರಡನೆಯ ಬಳ್ಳಿ

ಬ್ಯಾಂಕಿನವರು ಅಪ್ಪನನ್ನು ಮಂಗಳೂರಿಗೆ ವರ್ಗ ಮಾಡಿದಾಗ ಅಪ್ಪ, ಅಮ್ಮ ಹೊರಟರು. ನಾನು ಕೋಲ್ಕತ್ತಾದಲ್ಲೇ ಉಳಿದೆ. ಕಸ್ಬಾದ ಡಿಸೈನ್ ಆಫೀಸೊಂದರಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಕಂಪ್ಯೂಟರ್ ಕಲಿತವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ ಅದು. ಒಬ್ಬಳೇ ಇರುತ್ತೇನೆ ಎಂದು ಜಂಬ ಕೊಚ್ಚಿಕೊಂಡವಳೂ ನಾನೇ. ಹಾಗಾಗಿ ಬೇಸರವೆಂದು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ.

ಆ ವರ್ಷ ನನ್ನ ಪಾಲಿಗೆ ಬಂದದ್ದು ಕುಂಚದಲ್ಲಿ ಬರೆದಂತೆ ಕಾಣುವ ಒಂದು ತುಂಟ ಇಂಗ್ಲಿಷ್ ಫಾಂಟ್. ಅಂಗಡಿ ಬೋರ್ಡು, ಸೇಲ್ ಬ್ಯಾನರುಗಳಿಗೆ. ‘ಅಕ್ಷರ ಕುಣಿಯಬೇಕು’ ಎಂದಿದ್ದರು ನಮ್ಮ ಬಂಗಾಳಿ ಯಜಮಾನರು. ನಾವೆಲ್ಲ ಅವರನ್ನು ದಾದಾ ಎನ್ನುತ್ತಿದ್ದೆವು. ದಿನವಿಡೀ ಯಾರೊಂದಿಗೂ ಮಾತಿಲ್ಲದೆ ಕೂತು ನಾನು ಅಕ್ಷರಗಳನ್ನು ಕುಣಿಸಿದೆ. ಒಂದೊಂದನ್ನೂ ಇಪ್ಪತ್ತು ಸಲ ಬರೆದು, ಕೈ ಜಾರಿದಂತೆ ಬಂದದ್ದನ್ನೇ ಆರಿಸಿ ಸ್ಕ್ಯಾನ್ ಮಾಡಬೇಕು. ನೀಟಾಗಿ ಬಂದದ್ದೆಲ್ಲ ಕಸದ ಬುಟ್ಟಿಗೆ.

ಕೊನೆಗೆ ಅಂಚಿನ ಅಲಂಕಾರಕ್ಕೆ ಹನ್ನೆರಡು ಬಗೆಯ ಬಳ್ಳಿ ಚಿತ್ರ ಬೇಕೆಂದರು. ಹನ್ನೊಂದು ಬರೆಯುವಷ್ಟರಲ್ಲಿ ಬಳ್ಳಿಗಳ ಮೇಲೇ ಸಿಟ್ಟು ಬಂತು. ಹನ್ನೆರಡನೆಯದರ ಜಾಗದಲ್ಲಿ ಕನ್ನಡದಲ್ಲಿ ‘ಊಟ ಆಯ್ತಾ’ ಎಂದು ಬರೆದುಬಿಟ್ಟೆ. ತಿಂಗಳುಗಳಿಂದ ಯಾರೂ ಎದುರು ನಿಂತು ನನ್ನನ್ನು ಹಾಗೆ ಕೇಳಿರಲಿಲ್ಲ.

ದಾದಾ ಕನ್ನಡಕ ಏರಿಸಿ ನೋಡಿದರು. ‘ಬಾಹ್! ಖೂಬ್ ಸುಂದರ್. ಯಾವ ಬಳ್ಳಿ ಇದು?’

‘ನಮ್ಮ ಕಡೆಯದು’ ಎಂದೆ. ನಿಜ ಹೇಳಿಬಿಡಬಹುದಿತ್ತು, ಹೇಳಲಿಲ್ಲ.

ದುರ್ಗಾಪೂಜೆಯ ಸೇಲ್ ಶುರುವಾದಾಗ ಗರಿಯಾಹಾಟಿನ ಸೀರೆ ಅಂಗಡಿಯೊಂದರ ಬ್ಯಾನರಿನ ಅಂಚಿನುದ್ದಕ್ಕೂ ಅದೇ ಬಳ್ಳಿ: ಊಟ ಆಯ್ತಾ, ಊಟ ಆಯ್ತಾ, ಊಟ ಆಯ್ತಾ. ಮೊದಲು ನಗು ಬಂತು. ಆಮೇಲೆ ಆಸೆ ಹುಟ್ಟಿತು. ಇಷ್ಟು ದೊಡ್ಡ ಊರಿನಲ್ಲಿ ರೈಲ್ವೆಯವರು, ಬ್ಯಾಂಕಿನವರು ಎಂದು ನಮ್ಮ ಜನ ಇದ್ದೇ ಇದ್ದಾರೆ. ಒಬ್ಬರಾದರೂ ಓದಿ ನಿಲ್ಲುತ್ತಾರೆ, ಆಗ ಮಾತಾಡಿಸಬೇಕು. ಆಫೀಸು ಬಿಟ್ಟು ನೇರ ಹೋಗಿ ಆ ಅಂಗಡಿಯ ಬಾಗಿಲಲ್ಲಿ ನಿಲ್ಲತೊಡಗಿದೆ. ‘ಅದು ನಾನೇ ಬರೆದದ್ದು’ ಎಂಬ ಮಾತನ್ನೂ ಸಿದ್ಧಮಾಡಿಕೊಂಡಿದ್ದೆ.

ಐದನೆಯ ಸಂಜೆ ಒಬ್ಬ ಹೆಂಗಸು ಬ್ಯಾನರ್ ನೋಡುತ್ತಾ ನಿಂತರು. ಗಂಡನ ತೋಳು ಜಗ್ಗಿದರು.

‘ಇಲ್ಲಿ ನೋಡಿ ಮಾರಾಯ್ರೆ, ಊಟ ಆಯ್ತಾ ಅಂತ ಬರ್ದಿದ್ದಾರೆ! ನಮ್ಮವರು ಯಾರೋ ಇದ್ದಾರೆ ಇಲ್ಲಿ.’

‘ಎಂಥ ನಮ್ಮವರು? ಅದು ಡಿಸೈನ್. ನಡಿ, ಹೊತ್ತಾಯ್ತು.’

ನಾನು ಎರಡು ಹೆಜ್ಜೆ ಮುಂದಿಟ್ಟೆ. ಆಕೆ ನನ್ನತ್ತ ತಿರುಗಿದರು. ಬಾಗಿಲಲ್ಲಿ ನಿಂತವಳು ಅಂಗಡಿಯವಳೇ ಎಂದುಕೊಂಡು, ಕಾಟನ್ ಸೀರೆ ಎಲ್ಲಿವೆ ಎಂದು ಹಿಂದಿಯಲ್ಲಿ ಕೇಳಿದರು.

ಮೇಲಿನ ಮಹಡಿಯಲ್ಲಿ ಎಂದು ನಾನೂ ಹಿಂದಿಯಲ್ಲೇ ಹೇಳಿದೆ. ಕನ್ನಡ ಬಾಯಿಗೆ ಬರುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿಯಾಗಿತ್ತು.

ಇಳಿದು ಬರುವವರೆಗೆ ಕಾಯಬಹುದಿತ್ತು. ಹಿಂದಿಯಲ್ಲಿ ಉತ್ತರಿಸಿದ ಮೇಲೆ ಕನ್ನಡದವಳೆಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಬಸ್ಸು ಹತ್ತಿ, ಕಿಟಕಿಯ ಕಡೆ ಮುಖ ಮಾಡಿ ಕೂತು ಅತ್ತುಬಿಟ್ಟೆ.